‘ಮೊನ್ನೆ’ ಅಂದರೆ ಯಾವತ್ತು?

ನಾನು ಪುಣೆಗೆ ಬಂದು ಹದಿನಾಲ್ಕು ವರ್ಷವಾಯಿತು. ಹಿಂಜವಡಿಯ ಆಫೀಸಿನಲ್ಲಿ ಇಂಗ್ಲಿಷ್, ತರಕಾರಿ ಗಾಡಿಯವರ ಹತ್ತಿರ ಮರಾಠಿ, ಮನೆಗೆ ಬಂದು ಚಪ್ಪಲಿ ಬಿಟ್ಟ ಮೇಲೆ ನಮ್ಮ ಬಾಗಲಕೋಟೆ ಕನ್ನಡ. ಮೂರೂ ಭಾಷೆ ಅವುಗಳ ಜಾಗದಲ್ಲಿ ಅವು ಇದ್ದವು. ಮೂರನ್ನೂ ಒಂದೇ ಕೋಣೆಯಲ್ಲಿ, ಒಂದು ಪದವೂ ಹೆಚ್ಚುಕಡಿಮೆಯಾಗದಂತೆ ಬಳಸಬೇಕಾದ ದಿನ ಬರುತ್ತದೆ ಅಂತ ನಾನು ಎಣಿಸಿರಲಿಲ್ಲ.

ಕನ್ನಡ ಸಂಘದ ಗೆಳತಿಯೊಬ್ಬಳು ಒಂದು ಸಂಜೆ ಫೋನ್ ಮಾಡಿದಳು. ಜಿಲ್ಲಾ ಮಕ್ಕಳ ರಕ್ಷಣಾ ಘಟಕದವರಿಗೆ ಕನ್ನಡ, ಮರಾಠಿ ಎರಡೂ ಬಲ್ಲವರು ಬೇಕಾಗಿದ್ದಾರೆ, ಸಾಧ್ಯವಾದರೆ ಹೆಂಗಸರು ಅಂದಳು. ಪೋಕ್ಸೊ ಪ್ರಕರಣ. ಕಲ್ಯಾಣ ಕರ್ನಾಟಕದಿಂದ ಕಟ್ಟಡ ಕೆಲಸಕ್ಕೆ ಬಂದ ಕುಟುಂಬದ ಮಗು. ಮಗುವಿಗೆ ಮರಾಠಿ ಬರುವುದಿಲ್ಲ, ನ್ಯಾಯಾಧೀಶರಿಗೆ ಕನ್ನಡ ಬರುವುದಿಲ್ಲ. ನನಗೆ ಭಾಷಾಂತರದ ಯಾವ ಸರ್ಟಿಫಿಕೇಟೂ ಇಲ್ಲವಲ್ಲ ಅಂದೆ. ಅದು ಬೇಕಿಲ್ಲವಂತೆ. ನಿಯಮ ತೆಗೆದು ಓದಿದೆ: ಮಗುವಿನ ಭಾಷೆ ಮತ್ತು ರಾಜ್ಯದ ಭಾಷೆ ಎರಡರ ಪರಿಚಯ ಇರಬೇಕು. ಅದು ತಾಯ್ನುಡಿಯಾಗಿ ಬಂದಿರಬಹುದು, ಶಾಲೆಯಲ್ಲಿ ಕಲಿತದ್ದಿರಬಹುದು, ಆ ಊರಿನಲ್ಲಿ ವಾಸ ಮಾಡಿ ಬಂದದ್ದೂ ಆಗಬಹುದು. ಹದಿನಾಲ್ಕು ವರ್ಷ ತರಕಾರಿ ಕೊಂಡದ್ದು ಒಂದು ಅರ್ಹತೆಯಾಯಿತು ಅಂದುಕೊಂಡು ಒಪ್ಪಿಕೊಂಡೆ.

ಅದೇ ನಿಯಮಗಳಲ್ಲಿ ಇನ್ನೆರಡು ಮಾತಿವೆ. ಏನನ್ನೂ ಸೇರಿಸದೆ, ಏನನ್ನೂ ಬಿಡದೆ ಪೂರ್ತಿಯಾಗಿ ಹೇಳಬೇಕು ಅನ್ನುವುದು ಒಂದು. ಕೇಳಿದ್ದನ್ನು ಹೊರಗೆ ಆಡಬಾರದು ಅನ್ನುವುದು ಇನ್ನೊಂದು. ವಕೀಲರಿಗಿರುವ ಗೌಪ್ಯತೆಯ ಕಟ್ಟೇ ಭಾಷಾಂತರಕಾರರಿಗೂ ಇದೆ. ಆದ್ದರಿಂದ ಆ ಮಗು ಯಾರು, ಏನಾಗಿತ್ತು, ಏನು ಹೇಳಿತು ಎಂಬುದು ಈ ಬರಹದಲ್ಲಿ ಇಲ್ಲ. ವರ್ಷ, ಊರು, ವಯಸ್ಸು ಯಾವುದನ್ನೂ ಹೇಳುವುದಿಲ್ಲ. ನಾನು ಮಾಡಿದ ಒಂದು ತಪ್ಪನ್ನು ಮಾತ್ರ ಹೇಳುತ್ತೇನೆ. ಅದು ನನ್ನದು, ಹೇಳಿಕೊಳ್ಳುವ ಹಕ್ಕು ನನಗಿದೆ.

ಕೋರ್ಟಿಗೆ ಹೋಗುವ ಮುಂಚೆ ನನ್ನ ತಲೆಯಲ್ಲಿದ್ದ ಲೆಕ್ಕ ಸರಳವಾಗಿತ್ತು. ಮಗುವಿನ ಮಾತು ದೂರು. ಡಾಕ್ಟರ ವರದಿ ಪುರಾವೆ. ವರದಿಯಲ್ಲಿ ಗಾಯ ಇದ್ದರೆ ಆಯಿತು, ಇಲ್ಲದಿದ್ದರೆ ಕಷ್ಟ. ನಮ್ಮ ಕೆಲಸದಲ್ಲೂ ಹಾಗೆಯೇ. ಗ್ರಾಹಕರು ‘ನಿಮ್ಮ ಸಿಸ್ಟಮ್ ನಿನ್ನೆ ರಾತ್ರಿ ಕೆಟ್ಟಿತ್ತು’ ಅಂದರೆ ನಾವು ಮೊದಲು ನೋಡುವುದು ಲಾಗ್. ಲಾಗ್‌ನಲ್ಲಿ ಏನೂ ಇಲ್ಲದಿದ್ದರೆ ‘ನಮ್ಮ ಕಡೆ ಏನೂ ಕಾಣುತ್ತಿಲ್ಲ’ ಅಂತ ಉತ್ತರ ಬರೆದು ಟಿಕೆಟ್ ಮುಚ್ಚಲು ನೋಡುತ್ತೇವೆ. ಲಾಗ್ ಖಾಲಿ ಇದ್ದ ಮಾತ್ರಕ್ಕೆ ಏನೂ ಆಗಿಲ್ಲ ಅಂತ ಅರ್ಥವಲ್ಲ ಅನ್ನುವುದು ನಾಲ್ಕು ವರ್ಷ ಕೆಲಸ ಮಾಡಿದ ಯಾರಿಗಾದರೂ ಗೊತ್ತು. ಆ ಘಟನೆಯನ್ನು ಬರೆದುಕೊಳ್ಳುವ ವ್ಯವಸ್ಥೆಯೇ ಅಲ್ಲಿ ಇರದೇ ಇರಬಹುದು. ಬರೆದದ್ದು ಮೂರು ದಿನಕ್ಕೆ ಅಳಿಸಿಹೋಗುವಂತೆ ಇರಬಹುದು. ಇಷ್ಟು ಗೊತ್ತಿದ್ದೂ ಮಗುವಿನ ವಿಷಯದಲ್ಲಿ ನಾನು ಲಾಗನ್ನೇ ನಂಬಲು ಹೊರಟಿದ್ದೆ.

ಮೊದಲ ಸಲ ಹೋದಾಗ ವಿಚಾರಣೆ ಆಗಲಿಲ್ಲ, ಮುಂದಿನ ತಾರೀಖು ಕೊಟ್ಟರು. ಎರಡನೆಯ ಸಲವೂ ಅದೇ ಆಯಿತು. ಮಗುವಿನ ಹೇಳಿಕೆಯನ್ನು ವಿಶೇಷ ನ್ಯಾಯಾಲಯವು ಪ್ರಕರಣ ಕೈಗೆತ್ತಿಕೊಂಡ 30 ದಿನದೊಳಗೆ ದಾಖಲಿಸಬೇಕು, ಸಾಧ್ಯವಾದಷ್ಟೂ ಒಂದು ವರ್ಷದೊಳಗೆ ವಿಚಾರಣೆ ಮುಗಿಸಬೇಕು ಅಂತ ಕಾಯ್ದೆಯ 35ನೇ ಕಲಂ ಹೇಳುತ್ತದೆ. ಆ ಕಾರಿಡಾರಿನಲ್ಲಿ ಕೂತರೆ 30 ದಿನ ಎಷ್ಟು ಉದ್ದವಾಗಬಲ್ಲದು ಅಂತ ತಿಳಿಯುತ್ತದೆ. ನನಗೆ ಹೋದದ್ದು ಎರಡು ಕ್ಯಾಶುಯಲ್ ಲೀವ್, ಆ ತಾಯಿಗೆ ಹೋದದ್ದು ಎರಡು ದಿನದ ಪಗಾರ.

ಎರಡನೆಯ ಸಲ ಹೋದಾಗ ಆ ತಾಯಿ ನನ್ನ ಪಕ್ಕ ಬಂದು ಕೂತಳು. ನನ್ನ ಕನ್ನಡ ಕಿವಿಗೆ ಬಿದ್ದದ್ದೇ ಅವಳ ಮುಖ ಸ್ವಲ್ಪ ಸಡಿಲಾಯಿತು.

“ಅಕ್ಕಾರ, ನೀವು ನಮ್ಮ ಕಡ್ಯಾವ್ರೇನ್ರಿ?”

“ಬಾಗಲಕೋಟಿ ಕಡ್ಯಾಕಿ ನಾ. ನಿಮ್ಮ ಸನಿಹಾನ.”

ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದಳು: “ನಮ್ ಪೋರಿ ಮಾತಾಡಾದು ಅವ್ರಿಗಿ ತಿಳಿಯಂಗಿಲ್ರಿ. ಸಣ್ದು ಅದ. ಹಿಂದಿಂದು ಮುಂದ, ಮುಂದಿಂದು ಹಿಂದ ಹೇಳ್ತದ. ನೀವೇ ಜರಾ ಸುದ್ದ ಮಾಡಿ ಹೇಳ್ರಿ.”

ಪ್ರಕರಣದ ಬಗ್ಗೆ ನಾನು ಅವಳ ಹತ್ತಿರ ಮಾತಾಡುವ ಹಾಗಿರಲಿಲ್ಲ. “ಅಕಿ ಹ್ಯಾಂಗ ಹೇಳ್ತಾಳ ಹಂಗ ಹೇಳ್ತೀನ್ರೀ” ಅಂದೆ. ಆದರೆ ‘ಸುದ್ದ ಮಾಡಿ ಹೇಳ್ರಿ’ ಅನ್ನುವ ಮಾತು ನನ್ನ ಜೊತೆ ಮನೆಗೆ ಬಂತು. ಅದರಲ್ಲಿ ಸುಳ್ಳು ಹೇಳಿ ಅನ್ನುವುದು ಏನೂ ಇರಲಿಲ್ಲ. ಗುಡಿಗೆ ಹೋಗುವಾಗ ಮಗುವಿನ ತಲೆ ಬಾಚಿ ಕಳಿಸುತ್ತೇವಲ್ಲ, ಅಷ್ಟೇ ಅವಳ ಆಸೆ. ನಿಜ ಹೇಳಬೇಕೆಂದರೆ, ನನ್ನ ಆಸೆಯೂ ಅದೇ ಆಗಿತ್ತು.

ಆ ರಾತ್ರಿಯಿಂದ ಓದತೊಡಗಿದೆ. ಮಕ್ಕಳ ಸಾಕ್ಷಿಯ ಬಗ್ಗೆ ನಮ್ಮ ನ್ಯಾಯಾಲಯಗಳು ಏನು ಹೇಳಿವೆ ಎಂದು ಹುಡುಕಿದರೆ ಎಲ್ಲ ದಾರಿಗಳೂ ಒಂದು ಹಳೆಯ ತೀರ್ಪಿಗೆ ಹೋಗಿ ಮುಟ್ಟುತ್ತವೆ. ರಾಜಸ್ಥಾನದ ಎಂಟು ವರ್ಷದ ಹುಡುಗಿಯ ಪ್ರಕರಣ. ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟದ್ದು 1951ರ ಡಿಸೆಂಬರಿನಲ್ಲಿ, ಬರೆದವರು ನ್ಯಾಯಮೂರ್ತಿ ವಿವಿಯನ್ ಬೋಸ್. ‘ರಾಮೇಶ್ವರ್ ವಿರುದ್ಧ ರಾಜಸ್ಥಾನ ಸರ್ಕಾರ’ ಎಂಬ ಹೆಸರಿನಲ್ಲಿ ಅದನ್ನು ಇಂದಿಗೂ ಉಲ್ಲೇಖಿಸುತ್ತಾರೆ. ಕೆಳಗಿನ ಕೋರ್ಟು ಶಿಕ್ಷೆ ಕೊಟ್ಟಿತ್ತು. ಮೇಲ್ಮನವಿಯಲ್ಲಿ ಸೆಷನ್ಸ್ ನ್ಯಾಯಾಧೀಶರು, ಈ ಸಾಕ್ಷ್ಯದಿಂದ ಮನಸ್ಸಿಗೆ ನಂಬಿಕೆ ಬರುತ್ತದೆ, ಆದರೆ ಕಾನೂನಿಗೆ ಇದು ಸಾಲದು ಎಂಬ ಅರ್ಥದಲ್ಲಿ ಬಿಡುಗಡೆ ಮಾಡಿದ್ದರು. ಹೈಕೋರ್ಟು ಅದನ್ನು ತಿರುಗಿಸಿತು, ಸುಪ್ರೀಂ ಕೋರ್ಟು ಹೈಕೋರ್ಟಿನ ಮಾತನ್ನು ಎತ್ತಿಹಿಡಿಯಿತು.

ಆ ತೀರ್ಪಿನಲ್ಲಿ ನನಗೆ ಹಿಡಿಸಿದ್ದು ಎರಡು ವಿಷಯ. ಮಗು ಪ್ರಮಾಣವಚನ ತೆಗೆದುಕೊಂಡಿರಲಿಲ್ಲ, ಪ್ರಮಾಣ ಅಂದರೇನು ಅಂತ ಅದಕ್ಕೆ ತಿಳಿದಿರಲಿಲ್ಲ. ಅಷ್ಟಕ್ಕೇ ಸಾಕ್ಷಿ ಬಿದ್ದುಹೋಗುವುದಿಲ್ಲ, ಅದನ್ನು ಎಷ್ಟು ನಂಬಬಹುದು ಎಂಬುದಷ್ಟೇ ಪ್ರಶ್ನೆ ಎಂದಿತು ನ್ಯಾಯಾಲಯ. ಎರಡನೆಯದು, ಬೇರೆ ಪುರಾವೆಯ ಆಸರೆ ಬೇಕೇ ಬೇಕು ಅನ್ನುವುದು ಕಾನೂನಿನ ಕಡ್ಡಾಯವಲ್ಲ, ನ್ಯಾಯಾಧೀಶರು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕಾದ ಎಚ್ಚರ. ಯಾವ ಪ್ರಕರಣಕ್ಕೆ ಆಸರೆ ಬೇಕು, ಯಾವುದಕ್ಕೆ ಬೇಡ ಎಂಬುದನ್ನು ಆಯಾ ಪ್ರಕರಣವೇ ಹೇಳುತ್ತದೆ. ಆ ಹುಡುಗಿ ಮನೆಯಲ್ಲಿ ತಾಯಿಗೆ ಹೇಳಿದ ಮಾತೇ ಅಲ್ಲಿ ಆಸರೆಯಾಗಿ ನಿಂತಿತು.

ಸಾಕ್ಷಿಗೆ ಇಂತಿಷ್ಟೇ ವಯಸ್ಸಾಗಿರಬೇಕು ಎಂದು ನಮ್ಮ ಕಾನೂನು ಎಲ್ಲೂ ಹೇಳಿಲ್ಲ. ಮೊದಲು 1872ರ ಸಾಕ್ಷ್ಯ ಕಾಯ್ದೆಯ 118ನೇ ಕಲಂ, 2024ರ ಜುಲೈಯಿಂದ ಭಾರತೀಯ ಸಾಕ್ಷ್ಯ ಅಧಿನಿಯಮದ 124ನೇ ಕಲಂ. ಎರಡೂ ಕೇಳುವುದು ಒಂದನ್ನೇ: ಪ್ರಶ್ನೆ ಅರ್ಥವಾಗುತ್ತದೆಯೇ, ಅದಕ್ಕೆ ಸರಿಯಾಗಿ ಉತ್ತರ ಕೊಡಲು ಆಗುತ್ತದೆಯೇ? ಹನ್ನೆರಡು ತುಂಬದ ಮಗುವಿಗೆ ಸತ್ಯ ಹೇಳಬೇಕು ಅನ್ನುವುದು ಗೊತ್ತಿದ್ದು, ಪ್ರಮಾಣದ ಅರ್ಥ ಗೊತ್ತಿಲ್ಲದಿದ್ದರೆ ಪ್ರಮಾಣವಿಲ್ಲದೆಯೇ ಸಾಕ್ಷಿ ಹೇಳಬಹುದು. ಆದರೆ ಭಾಷಾಂತರಕಾರರಿಗೆ ಆ ವಿನಾಯಿತಿ ಇಲ್ಲ. ಮೂರನೆಯ ತಾರೀಖಿನಂದು ಆ ಕೋಣೆಯಲ್ಲಿ ಪ್ರಮಾಣ ಮಾಡಿದವಳು ನಾನು.

ಕೋಣೆಯ ಬಗ್ಗೆ ಹೇಳುವುದರಲ್ಲಿ ತಪ್ಪಿಲ್ಲ, ಯಾಕೆಂದರೆ ಅದು ಹೇಗಿರಬೇಕು ಅಂತ ಕಾನೂನೇ ಬರೆದಿದೆ. ಹೊರಗಿನವರು ಯಾರೂ ಇರುವಂತಿಲ್ಲ. ಆರೋಪಿ ಮಗುವಿನ ಕಣ್ಣಿಗೆ ಬೀಳಬಾರದು, ಆದರೆ ಅವನಿಗೆ ಎಲ್ಲವೂ ಕೇಳಿಸಬೇಕು, ಅವನ ವಕೀಲರ ಜೊತೆ ಮಾತಾಡಲು ಆಗಬೇಕು. ಮಗು ನಂಬುವ ಒಬ್ಬರು ಜೊತೆಗಿರಬಹುದು. ಬೇಕೆನಿಸಿದಾಗ ನಡುವೆ ಬಿಡುವು ಕೊಡಬೇಕು. ಸರ್ಕಾರಿ ವಕೀಲರಾಗಲಿ, ಆರೋಪಿಯ ವಕೀಲರಾಗಲಿ ಮಗುವನ್ನು ನೇರವಾಗಿ ಕೇಳುವಂತಿಲ್ಲ. ಪ್ರಶ್ನೆಯನ್ನು ನ್ಯಾಯಾಧೀಶರಿಗೆ ಕೊಡಬೇಕು, ಅವರು ಮಗುವನ್ನು ಕೇಳುತ್ತಾರೆ. ಮೇಜಿನ ಮೇಲೆ ಬಣ್ಣದ ಪೆನ್ಸಿಲ್ ಇದ್ದವು, ಒಂದು ಬಿಸ್ಕತ್ತಿನ ಪುಡಿಕೆ ಇತ್ತು.

ಹೀಗಾಗಿ ಒಂದೊಂದು ಪ್ರಶ್ನೆಯ ಪ್ರಯಾಣವೂ ದೊಡ್ಡದು. ವಕೀಲರಿಂದ ನ್ಯಾಯಾಧೀಶರಿಗೆ, ನ್ಯಾಯಾಧೀಶರಿಂದ ನನಗೆ ಮರಾಠಿಯಲ್ಲಿ, ನನ್ನಿಂದ ಮಗುವಿಗೆ ಕನ್ನಡದಲ್ಲಿ. ಉತ್ತರ ಅದೇ ದಾರಿಯಲ್ಲಿ ವಾಪಸು ಬಂದು, ನ್ಯಾಯಾಧೀಶರು ಹೇಳಿ ಬರೆಸಿ, ಟೈಪಿಸ್ಟರ ಬೆರಳಿನಿಂದ ಕಾಗದಕ್ಕೆ ಇಳಿಯುತ್ತದೆ. ನಾಳೆ ಹೈಕೋರ್ಟಿನಲ್ಲಿ ಯಾರೂ ಆ ಮಗುವಿನ ದನಿ ಕೇಳುವುದಿಲ್ಲ, ಅವರು ಓದುವುದು ಆ ಕಾಗದವನ್ನು. ಅದರ ಮೇಲೆ ಮಗುವಿನ ಮಾತು ಅಂತ ಇರುವುದು ನಿಜವಾಗಿ ನನ್ನ ಮರಾಠಿ.

ಈಗ ನನ್ನ ತಪ್ಪಿಗೆ ಬರುತ್ತೇನೆ. ಮಗು ಅಂದು ಆಡಿದ ಒಂದೇ ಒಂದು ಮಾತನ್ನು ಇಲ್ಲಿ ಬರೆಯುತ್ತೇನೆ. ಲೋಕದ ಎಲ್ಲ ಮಕ್ಕಳೂ ಆಡುವ ಮಾತಾದ್ದರಿಂದ ಅದು ಯಾರ ಗುಟ್ಟೂ ಅಲ್ಲ. ಒಂದು ಪ್ರಶ್ನೆಗೆ ಅವಳು “ಗೊತ್ತಿಲ್ಲ” ಅಂದಳು.

ನಾನು ಮರಾಠಿಯಲ್ಲಿ ‘ಆಠವತ್ ನಾಹಿ’ ಅಂದೆ. ಅಂದರೆ ‘ನೆನಪಿಲ್ಲ’.

ಯಾಕೆ ಹಾಗೆ ಹೇಳಿದೆ? ಅರ್ಧ ಕ್ಷಣದಲ್ಲಿ ನನ್ನ ಮನಸ್ಸು ಲೆಕ್ಕ ಹಾಕಿತ್ತು. ‘ಗೊತ್ತಿಲ್ಲ’ ಅಂದರೆ ಕೇಸಿಗೆ ಪೆಟ್ಟು ಬೀಳುತ್ತದೆ. ಗೊತ್ತಿಲ್ಲದೆ ಹೇಗೆ ಬಂದು ಹೇಳುತ್ತೀಯ ಅನ್ನಬಹುದು. ‘ನೆನಪಿಲ್ಲ’ ಅಂದರೆ ಮೃದು. ಮಗುವಲ್ಲವೇ, ಮರೆತಿದೆ ಅನ್ನಬಹುದು. ಅವಳ ಅಮ್ಮ ಕೇಳಿಕೊಂಡ ಹಾಗೆ ನಾನು ಸುದ್ದ ಮಾಡಿ ಹೇಳಿದ್ದೆ.

ಟೈಪ್ ಮಾಡುತ್ತಿದ್ದ ಹೆಂಗಸು ಕೈ ನಿಲ್ಲಿಸಿ ನನ್ನ ಮುಖ ನೋಡಿದರು. ಏನೂ ಹೇಳಲಿಲ್ಲ. ಅವರು ಸೊಲ್ಲಾಪುರದ ಕಡೆಯವರು ಅಂತ ಆಮೇಲೆ ಗೊತ್ತಾಯಿತು. ಅಲ್ಲಿ ಎಷ್ಟೋ ಮನೆಗಳಲ್ಲಿ ಇಂದಿಗೂ ಕನ್ನಡವೇ ಮಾತು. ಆ ನೋಟ ಬೀಳದಿದ್ದರೆ ನಾನು ಮುಂದಿನ ಪ್ರಶ್ನೆಗೆ ಹೋಗಿಬಿಡುತ್ತಿದ್ದೆನೋ ಏನೋ. ಬೆನ್ನಿನಲ್ಲಿ ಬೆವರು ಇಳಿಯಿತು. “ಕ್ಷಮಿಸಿ, ನಾನು ತಪ್ಪು ಪದ ಬಳಸಿದೆ. ಮಗು ಅಂದದ್ದು ‘ಗೊತ್ತಿಲ್ಲ’ ಅಂತ” ಎಂದು ನ್ಯಾಯಾಧೀಶರಿಗೆ ಹೇಳಿದೆ. ಆರೋಪಿಯ ವಕೀಲರು ಏನನ್ನೋ ಬರೆದುಕೊಂಡರು. ನ್ಯಾಯಾಧೀಶರು ತಿದ್ದಿ ಬರೆಸಿದರು. ನಂತರ ನನ್ನ ಕಡೆ ತಿರುಗಿ, “ಅವಳ ಪದ ಅವಳದೇ ಇರಲಿ ಮೇಡಂ. ಅದಕ್ಕೆ ಅರ್ಥ ಹಚ್ಚುವ ಕೆಲಸ ನನಗೆ ಬಿಡಿ” ಅಂದರು. ಗದರಿಸಲಿಲ್ಲ. ಗದರಿಸಿದ್ದರೆ ಇಷ್ಟು ದಿನ ನೆನಪಿರುತ್ತಿರಲಿಲ್ಲ.

ಆ ದಿನ ಮನೆಗೆ ಬಂದಾಗ ಇಡೀ ಪ್ರಕರಣವನ್ನು ನಾನೇ ಹಾಳು ಮಾಡಿದೆ ಅನಿಸುತ್ತಿತ್ತು. ತಪ್ಪು ಹೇಳಿದ್ದರಿಂದ ಹಾಳಾಯಿತೋ, ತಿದ್ದಿದ್ದರಿಂದ ಹಾಳಾಯಿತೋ ಅನ್ನುವುದೂ ತಿಳಿಯಲಿಲ್ಲ.

ರಾತ್ರಿ ಊಟಕ್ಕೆ ಕೂತಾಗ ನನ್ನ ಆರು ವರ್ಷದ ಮಗಳು, “ಅಮ್ಮಾ, ಮೊನ್ನೆ ಅಜ್ಜಿ ಮನೆಯಲ್ಲಿ ಕರು ಹುಟ್ಟಿತ್ತಲ್ಲ” ಅಂದಳು. ಕರು ಹುಟ್ಟಿದ್ದು ದೀಪಾವಳಿಗೆ. ಆಗ ಮಾರ್ಚ್ ತಿಂಗಳು. ಅವಳಿಗೆ ನಿನ್ನೆಯಲ್ಲದ್ದೆಲ್ಲ ಮೊನ್ನೆ. ನಾವು ದೊಡ್ಡವರೂ ಏನು ಕಡಿಮೆಯೇ, ‘ಮೊನ್ನೆ ಮೊನ್ನೆ ಮದುವೆ ಆಯ್ತು’ ಅಂತ ಐದು ವರ್ಷದ ಹಿಂದಿನದನ್ನು ಹೇಳುತ್ತೇವೆ. ಕೋರ್ಟಿನಲ್ಲಿ ಒಂದು ಮಗು ‘ಮೊನ್ನೆ’ ಅಂದರೆ ನಾನು ಏನು ಹೇಳಬೇಕಾಗುತ್ತಿತ್ತು? ಮರಾಠಿಯಲ್ಲಿ ‘ಪರವಾ’ ಅಂದರೆ ಮೊನ್ನೆಯೂ ಹೌದು, ನಾಡಿದ್ದೂ ಹೌದು. ಲೆಕ್ಕದ ಎರಡು ದಿನ ಎಂದು ಕಾಗದಕ್ಕೆ ಹೋದರೆ, ಅದು ದೂರಿನಲ್ಲಿರುವ ತಾರೀಖಿಗೆ ಹೊಂದುವುದಿಲ್ಲ. ಆಗ ‘ಸಾಕ್ಷಿಯ ಮಾತಿನಲ್ಲಿ ವಿರೋಧಾಭಾಸ’ ಅನ್ನುವ ಹೊಸ ಜೀವ ಹುಟ್ಟುತ್ತದೆ. ಹುಟ್ಟಿಸಿದ್ದು ಮಗುವಲ್ಲ, ಎರಡು ಭಾಷೆಗಳ ನಡುವಿನ ಸಂದಿ. ಅಣ್ಣ, ಕಾಕಾ, ಮಾಮಾ ಕೂಡ ಹಾಗೆಯೇ. ನಮ್ಮ ಕಡೆ ಶೆಡ್ಡಿನಲ್ಲಿರುವ ಎಲ್ಲ ಗಂಡಸರೂ ಮಗುವಿಗೆ ಕಾಕಾ. ಕಾಗದದಲ್ಲಿ ಅದು ಅಪ್ಪನ ತಮ್ಮ ಆಗಿಬಿಟ್ಟರೆ, ಇಲ್ಲದ ಚಿಕ್ಕಪ್ಪನೊಬ್ಬ ಕಟಕಟೆಗೆ ಬರುತ್ತಾನೆ.

ಸಣ್ಣಪುಟ್ಟ ವ್ಯತ್ಯಾಸಗಳಿಗಾಗಿ ಸಂತ್ರಸ್ತೆಯ ಮಾತನ್ನು ಎಸೆಯಬಾರದು, ಪಾಟೀಸವಾಲಿನಲ್ಲಿ ಕಿರುಕುಳ ಕೊಡುತ್ತಿದ್ದರೆ ನ್ಯಾಯಾಧೀಶರು ಸುಮ್ಮನೆ ನೋಡುತ್ತ ಕೂರಬಾರದು ಎಂದು 1996ರಲ್ಲಿ ಗುರ್ಮಿತ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಒಳ್ಳೆಯ ನ್ಯಾಯಾಧೀಶರು ‘ಮೊನ್ನೆ’ ಅಂದರೆ ಯಾವತ್ತು ಅಂತ ಮಗುವನ್ನು ಮೂರು ಸಲ ಕೇಳುವುದಿಲ್ಲ. ‘ಆವತ್ತು ಶಾಲೆ ಇತ್ತೋ ರಜೆಯೋ, ಬಿಸಿಲಿತ್ತೋ ಕತ್ತಲೆಯಾಗಿತ್ತೋ’ ಅಂತ ಕೇಳುತ್ತಾರೆ. ಮಕ್ಕಳ ಕ್ಯಾಲೆಂಡರಿನಲ್ಲಿ ತಾರೀಖು ಇರುವುದಿಲ್ಲ, ಹಬ್ಬ, ಜ್ವರ, ಕರು ಇರುತ್ತವೆ.

ವೈದ್ಯಕೀಯ ವರದಿಯ ಬಗೆಗಿನ ನನ್ನ ಹಳೆಯ ಲೆಕ್ಕವನ್ನು ಬಿಟ್ಟದ್ದೂ ಆ ದಿನಗಳಲ್ಲೇ. ಅಮೆರಿಕದಲ್ಲಿ ಲೈಂಗಿಕ ದೌರ್ಜನ್ಯದ ಶಂಕೆಯಿಂದ ಪರೀಕ್ಷೆಗೆ ಬಂದ 2,384 ಮಕ್ಕಳ ವಿವರಗಳನ್ನು ಒಟ್ಟು ಮಾಡಿ 2002ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಪರೀಕ್ಷೆಯಲ್ಲಿ ಅಸಹಜವಾದದ್ದು ಕಂಡದ್ದು ಶೇ. 4ರಷ್ಟು ಮಕ್ಕಳಲ್ಲಿ ಮಾತ್ರ. ಇದಕ್ಕಿಂತ ನನ್ನನ್ನು ಅಲುಗಿಸಿದ್ದು 2004ರ ಒಂದು ಪುಟ್ಟ ಅಧ್ಯಯನ. ಗರ್ಭಿಣಿಯರಾಗಿದ್ದ 36 ಹದಿಹರೆಯದ ಹುಡುಗಿಯರನ್ನು ವೈದ್ಯರು ಪರೀಕ್ಷಿಸಿದರು. ಅವರಲ್ಲಿ ಖಚಿತವಾದ ದೈಹಿಕ ಗುರುತು ಸಿಕ್ಕಿದ್ದು ಇಬ್ಬರಲ್ಲಿ ಮಾತ್ರ. ಗರ್ಭ ಧರಿಸಿದ್ದೇ ನಡೆದದ್ದಕ್ಕೆ ಸಾಕ್ಷಿ, ಆದರೂ ಪರೀಕ್ಷೆಗೆ ಅದು ಕಾಣದು.

ಕಾರಣಗಳು ಸರಳ. ಎಷ್ಟೋ ದೌರ್ಜನ್ಯಗಳು ಗಾಯವನ್ನೇ ಮಾಡುವುದಿಲ್ಲ. ಆ ಭಾಗದ ಅಂಗಾಂಶ ಬೇಗ ಮಾಯುತ್ತದೆ, ಎಷ್ಟೋ ಗಾಯ ಕೆಲವೇ ದಿನಗಳಲ್ಲಿ ಕಲೆಯೂ ಉಳಿಯದಂತೆ ಹೋಗುತ್ತದೆ. ಮಕ್ಕಳು ಹೇಳುವುದೋ ವಾರ, ತಿಂಗಳು ಕಳೆದ ಮೇಲೆ. ಅಷ್ಟರೊಳಗೆ ಅಮ್ಮ ಸ್ನಾನ ಮಾಡಿಸಿರುತ್ತಾಳೆ, ಬಟ್ಟೆ ಒಗೆದು ಒಣಹಾಕಿರುತ್ತಾಳೆ. ಲಾಗ್ ಅಳಿಸಿಹೋಗಿರುತ್ತದೆ. ನಮ್ಮ ಕೇಂದ್ರ ಆರೋಗ್ಯ ಸಚಿವಾಲಯ 2014ರಲ್ಲಿ ವೈದ್ಯರಿಗಾಗಿ ಹೊರಡಿಸಿದ ಮಾರ್ಗಸೂಚಿಯ ತಿರುಳೂ ಇದೇ: ಪರೀಕ್ಷೆಯಲ್ಲಿ ಏನೂ ಕಾಣದಿದ್ದರೆ ಅದರಿಂದ ‘ನಡೆದಿದೆ’ ಅಂತಲೂ ಆಗುವುದಿಲ್ಲ, ‘ನಡೆದಿಲ್ಲ’ ಅಂತಲೂ ಆಗುವುದಿಲ್ಲ. ಇಷ್ಟು ತಿಳಿಯಲು ನಮಗೆ ಬಹಳ ಕಾಲ ಹಿಡಿಯಿತು. ಎರಡು ಬೆರಳಿನ ಪರೀಕ್ಷೆ ಖಾಸಗಿತನ ಮತ್ತು ಘನತೆಯ ಉಲ್ಲಂಘನೆ ಎಂದು ಸುಪ್ರೀಂ ಕೋರ್ಟ್ 2013ರಲ್ಲಿ ಹೇಳಿತ್ತು. ಆದರೂ ಅದು ನಿಲ್ಲದೆ, 2022ರ ಅಕ್ಟೋಬರಿನಲ್ಲಿ ಇದನ್ನು ಮಾಡುವವರು ದುರ್ನಡತೆಯ ತಪ್ಪಿತಸ್ಥರಾಗುತ್ತಾರೆ ಎಂದು ಮತ್ತೆ ಹೇಳಬೇಕಾಯಿತು.

ಹಾಗಾದರೆ ಮಗು ಹೇಳಿದ್ದನ್ನೆಲ್ಲ ಕಣ್ಣು ಮುಚ್ಚಿ ಒಪ್ಪಿಬಿಡಬೇಕೇ? ಆ ವಾರ ನನ್ನನ್ನು ಕೇಳಿದ್ದರೆ ಹೌದು ಅನ್ನುತ್ತಿದ್ದೆ. ಆರೋಪಿಯ ವಕೀಲರು ಕೇಳಿದ ಒಂದೊಂದು ಪ್ರಶ್ನೆಗೂ ನನಗೆ ಸಿಟ್ಟು ಬಂದಿತ್ತು. ಆಮೇಲೆ ಎರಡು ಹಳೆಯ ಪ್ರಕರಣಗಳನ್ನು ಓದಿದೆ.

ಮೊದಲನೆಯದು ಕ್ಯಾಲಿಫೋರ್ನಿಯಾದ ಮ್ಯಾನ್‌ಹಟನ್ ಬೀಚ್ ಎಂಬ ಊರಿನ ಮ್ಯಾಕ್‌ಮಾರ್ಟಿನ್ ಶಿಶುವಿಹಾರದ್ದು. 1983ರಲ್ಲಿ ಒಂದು ದೂರು ಬಂದಾಗ ಪೊಲೀಸರು ಸುಮಾರು 200 ಪೋಷಕರಿಗೆ ಪತ್ರ ಬರೆದು, ನಿಮ್ಮ ಮಕ್ಕಳನ್ನು ಕೇಳಿ ನೋಡಿ ಅಂದರು. ನಂತರ ನೂರಾರು ಮಕ್ಕಳನ್ನು ಕೂರಿಸಿಕೊಂಡು ಮಾತಾಡಿಸಿದರು. ಕೇಳಿದವರು ಕೆಟ್ಟವರಲ್ಲ, ಮಕ್ಕಳ ಪರ ಇದ್ದವರೇ. ಆದರೆ ಉತ್ತರವನ್ನು ಪ್ರಶ್ನೆಯೊಳಗೇ ಇಟ್ಟು ಕೇಳಿದರು, ಹೌದು ಅಂದ ಮಗುವನ್ನು ಜಾಣ ಅಂದರು, ಇಲ್ಲ ಅಂದ ಮಗುವನ್ನು ಮತ್ತೆ ಮತ್ತೆ ಕೇಳಿದರು. ಶಾಲೆಯ ಕೆಳಗೆ ಸುರಂಗಗಳಿವೆ ಅನ್ನುವವರೆಗೆ ಕತೆ ಬೆಳೆಯಿತು. ಏಳು ವರ್ಷದ ನಂತರ, 1990ರಲ್ಲಿ, ಒಬ್ಬರಿಗೂ ಶಿಕ್ಷೆಯಾಗದೆ ಪ್ರಕರಣ ಮುಗಿಯಿತು. ಆ ಮಕ್ಕಳಲ್ಲಿ ಯಾರಿಗಾದರೂ ನಿಜಕ್ಕೂ ಏನಾದರೂ ಆಗಿದ್ದರೆ, ಅದನ್ನು ಬೇರ್ಪಡಿಸಿ ತೆಗೆಯಲು ಇನ್ನು ಯಾರಿಗೂ ಸಾಧ್ಯವಿರಲಿಲ್ಲ.

ಎರಡನೆಯದು 1987ರಲ್ಲಿ ಇಂಗ್ಲೆಂಡಿನ ಕ್ಲೀವ್‌ಲ್ಯಾಂಡ್ ಪ್ರದೇಶದ್ದು. ಅಲ್ಲಿ ಎಡವಿದ್ದು ವೈದ್ಯಕೀಯ ಪುರಾವೆ. ದೇಹದ ಒಂದು ಲಕ್ಷಣಕ್ಕೆ ಅದು ಹೊರಬಲ್ಲದ್ದಕ್ಕಿಂತ ಹೆಚ್ಚು ಅರ್ಥ ಹೊರಿಸಿ, ಕೆಲವೇ ತಿಂಗಳಲ್ಲಿ 121 ಮಕ್ಕಳ ಮೇಲೆ ದೌರ್ಜನ್ಯ ನಡೆದಿದೆ ಎಂದು ವೈದ್ಯರು ನಿರ್ಣಯಿಸಿದರು. ಅನೇಕ ಮಕ್ಕಳನ್ನು ತಂದೆತಾಯಿಯಿಂದ ಬೇರೆ ಮಾಡಿದರು. ಹೆಚ್ಚಿನವರು ಆಮೇಲೆ ಮನೆಗೆ ಮರಳಿದರು. ನ್ಯಾಯಾಧೀಶೆ ಎಲಿಜಬೆತ್ ಬಟ್ಲರ್-ಸ್ಲಾಸ್ ಅವರು ತನಿಖೆ ನಡೆಸಿ 1988ರಲ್ಲಿ ವರದಿ ಕೊಟ್ಟರು.

ಒಂದು ಕಡೆ ಮಗುವಿನ ಮಾತಿಗೆ, ಇನ್ನೊಂದು ಕಡೆ ಮಗುವಿನ ದೇಹಕ್ಕೆ ದೊಡ್ಡವರು ತಮ್ಮ ನಂಬಿಕೆಯನ್ನು ಹಾಕಿ ತೂಗಿದ್ದರು. ಸಂತೆಯಲ್ಲಿ ತಕ್ಕಡಿ ಹಿಡಿದವನು ಕಿರುಬೆರಳನ್ನು ತಟ್ಟೆಗೆ ತಾಗಿಸಿದರೆ ನಾವು ಕಳ್ಳ ಅನ್ನುತ್ತೇವೆ. ಕರುಣೆಯಿಂದ ತಾಗಿಸಿದರೂ ತೂಕ ತಪ್ಪೇ. ನಾನು ‘ಗೊತ್ತಿಲ್ಲ’ವನ್ನು ‘ನೆನಪಿಲ್ಲ’ ಮಾಡಿದಾಗ ತಟ್ಟೆಯ ಮೇಲಿದ್ದದ್ದು ನನ್ನ ಕಿರುಬೆರಳು.

ಪೋಕ್ಸೊ ಕಾಯ್ದೆಯ 29ನೇ ಕಲಂ ಪ್ರಕಾರ, ಗಂಭೀರ ಅಪರಾಧಗಳಲ್ಲಿ ಆರೋಪಿಯೇ ತಪ್ಪು ಮಾಡಿದ್ದಾನೆ ಎಂದು ಇಟ್ಟುಕೊಂಡು, ಅಲ್ಲ ಎಂದು ತೋರಿಸುವ ಹೊರೆಯನ್ನು ಅವನ ಮೇಲೆ ಹಾಕಲಾಗುತ್ತದೆ. ಆದರೆ ಮೂಲ ಸಂಗತಿಗಳನ್ನು ಮೊದಲು ಸರ್ಕಾರದ ಕಡೆಯವರೇ ಸ್ಥಾಪಿಸಬೇಕು ಎಂದು ಹೈಕೋರ್ಟುಗಳು ಮತ್ತೆ ಮತ್ತೆ ಹೇಳಿವೆ. ಬಹಳಷ್ಟು ಸಲ ಆ ಮೂಲ ಸಂಗತಿ ಇರುವುದು ಮಗುವಿನ ಬಾಯಲ್ಲಿ ಮಾತ್ರ. ಅಷ್ಟು ಭಾರ ಹೊರಬೇಕಾದ ಮಾತು ಯಾರ ಕೈಯೂ ತಾಗದೆ ಬಂದದ್ದಾಗಿರಬೇಕು. ಮಕ್ಕಳಿಗೆ ಹೇಳಿಕೊಟ್ಟರೆ ಕಲಿಯುತ್ತಾರೆ ಎಂಬ ಎಚ್ಚರಿಕೆಯನ್ನು ಸುಪ್ರೀಂ ಕೋರ್ಟ್ ಎಷ್ಟೋ ತೀರ್ಪುಗಳಲ್ಲಿ ಕೊಟ್ಟಿದೆ. ಅದರ ಜೊತೆಗೇ, ಪರಿಶೀಲಿಸಿದ ಮೇಲೆ ಸತ್ಯದ ಮುದ್ರೆ ಕಂಡರೆ ಮಗುವಿನ ಒಂದೇ ಸಾಕ್ಷಿಯ ಮೇಲೂ ಶಿಕ್ಷೆ ಕೊಡಬಹುದು ಎಂದೂ ಹೇಳಿದೆ.

ಕೆಲವು ವಾರ ಕಳೆದು, ಮಕ್ಕಳ ಜೊತೆ ಕೋರ್ಟಿಗೆ ಬರುವ ಸಹಾಯಕಿಯೊಬ್ಬರು ಸಿಕ್ಕಿದರು. ವರ್ಷಗಟ್ಟಲೆ ಇದೇ ಕೆಲಸ ಮಾಡಿದವರು. ಯಾವ ಪ್ರಕರಣವನ್ನೂ ಎತ್ತದೆ, ‘ಗೊತ್ತಿಲ್ಲ’ ಅನ್ನುವ ಸಾಕ್ಷಿಯಿಂದ ಕೇಸಿಗೆ ನಷ್ಟವೇ ಅಂತ ಕೇಳಿದೆ. ಅವರು ನಕ್ಕರು. “ಪಾಠ ಮಾಡಿಸಿಕೊಂಡು ಬಂದ ಮಗು ಗೊತ್ತಿಲ್ಲ ಅನ್ನೋದೇ ಇಲ್ಲ ಮೇಡಂ. ಅದಕ್ಕೆ ಎಲ್ಲಾ ಗೊತ್ತಿರುತ್ತೆ. ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಅಂದ ಮಗು, ಗೊತ್ತಿದೆ ಅಂದದ್ದನ್ನ ನಂಬಬಹುದು ಅಲ್ವಾ?”

ಅದು ನಿಯಮವಲ್ಲ, ಅವರ ಅನುಭವದ ಮಾತು. ಆದರೂ ನಾನು ಅಂದು ಏನನ್ನು ಅಳಿಸಲು ಹೊರಟಿದ್ದೆ ಎಂದು ನನಗೆ ಆಗ ತಿಳಿಯಿತು. ಆ ಪ್ರಕರಣದ ತೀರ್ಪು ಬಂದಿದೆ, ಮೇಲ್ಮನವಿಯೂ ಹೋಗಿದೆ. ಅದಕ್ಕಿಂತ ಹೆಚ್ಚು ಬರೆಯಲಾರೆ.

ಈ ಪತ್ರಿಕೆ ಓದುವವರು ಮುಂಬೈ, ಪುಣೆ, ಹೈದರಾಬಾದ್, ಚೆನ್ನೈಗಳಲ್ಲಿ ಇದ್ದೀರಿ. ನಿಮ್ಮ ಅಪಾರ್ಟ್‌ಮೆಂಟು ಕಟ್ಟಿದವರಲ್ಲಿ, ಪಕ್ಕದ ಸೈಟಿನ ತಗಡಿನ ಶೆಡ್ಡುಗಳಲ್ಲಿ ನಮ್ಮ ಕಡೆಯವರು ಇದ್ದಾರೆ. ಅವರ ಮಕ್ಕಳಿಗೆ ಆ ಊರಿನ ಪೊಲೀಸರ, ಡಾಕ್ಟರ, ಕೋರ್ಟಿನ ಭಾಷೆ ಬರುವುದಿಲ್ಲ. ಪೊಲೀಸರ ಮುಂದೆ ಹೇಳಿಕೆ ಕೊಡುವಾಗಿನಿಂದ ಹಿಡಿದು ಕೋರ್ಟಿನವರೆಗೂ ಭಾಷಾಂತರಕಾರರನ್ನು ಪಡೆಯುವ ಅವಕಾಶವನ್ನು ಕಾಯ್ದೆಯ 26 ಮತ್ತು 38ನೇ ಕಲಂಗಳು ಕೊಟ್ಟಿವೆ. ಪ್ರತಿ ಜಿಲ್ಲೆಯ ಮಕ್ಕಳ ರಕ್ಷಣಾ ಘಟಕದಲ್ಲಿ ಅಂಥವರ ಪಟ್ಟಿ ಇರಬೇಕು. ನಮ್ಮ ಸಂಘಗಳಲ್ಲಿ ರಾಜ್ಯೋತ್ಸವಕ್ಕೆ ಹಾಡಲು ಇಪ್ಪತ್ತು ಜನ ಹೆಸರು ಕೊಡುತ್ತೇವೆ. ಈ ಪಟ್ಟಿಗೆ ಇಬ್ಬರಾದರೂ ಕೊಡೋಣ. ಮಗುವಿಗೆ ಏನೋ ಆಗುತ್ತಿದೆ ಅನಿಸಿದರೆ 1098ಕ್ಕೆ ಫೋನ್ ಮಾಡಬಹುದು. ಗೊತ್ತಿದ್ದೂ ದೂರು ಕೊಡದಿರುವುದು ಈ ಕಾಯ್ದೆಯಲ್ಲಿ ಅಪರಾಧ.

ಮಗುವೊಂದು ನಿಮ್ಮ ಹತ್ತಿರವೇ ಬಂದು ಹೇಳಿದರೆ ಏನು ಮಾಡಬೇಕು ಅನ್ನುವುದನ್ನೂ ನಾನು ಅಂದಿನಿಂದ ಕಲಿಯುತ್ತಿದ್ದೇನೆ. ‘ಅವನು ಹಿಂಗ್ ಮಾಡಿದ್ನಾ?’ ಅಂತ ಕೇಳಬಾರದು. ‘ಏನಾಯ್ತು ಹೇಳು’ ಅನ್ನಬೇಕು. ಅದು ನಿಂತಲ್ಲಿ ‘ಆಮೇಲೆ?’ ಅನ್ನಬೇಕು. ಅದರ ಪದಗಳಲ್ಲೇ, ತಾರೀಖು ಹಾಕಿ ಬರೆದಿಡಬೇಕು. ಗುಟ್ಟಾಗಿ ಇಡುತ್ತೇನೆ ಅಂತ ಮಾತು ಕೊಡಬಾರದು. ಹತ್ತು ಜನ ಹತ್ತು ಸಲ ಕೇಳಬಾರದು.

ಮೊನ್ನೆ ನನ್ನ ಮಗಳು ಶಾಲೆಯಿಂದ ಮುಖ ಊದಿಸಿಕೊಂಡು ಬಂದಳು. “ಯಾರು ಹೊಡೆದ್ರು?” ಅನ್ನುವುದು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡು, “ಏನಾಯ್ತು?” ಅಂದೆ.

ಸ್ವಲ್ಪ ಹೊತ್ತು ಸುಮ್ಮನಿದ್ದು “ಗೊತ್ತಿಲ್ಲ” ಅಂದಳು.

ನಾನೂ ಸುಮ್ಮನೆ ಪಕ್ಕದಲ್ಲಿ ಕೂತೆ. ಹಾಲು ಆರುವ ಹೊತ್ತಿಗೆ ಅವಳೇ ಶುರುಮಾಡಿದಳು.